ಕಿವಿ ಅಲ್ಲಾಡಿಸು ಎಂದಿದ್ದರು!

ಮದುವೆ ದಿಬ್ಬಣದ ಬ್ಯಾಂಡ್‌ಸೆಟ್ಟಿನಲ್ಲಿ ಫಳಫಳ ಹೊಳೆಯುವ ಟ್ರಂಪೆಟ್ ನೋಡಿದ್ದೀರಲ್ಲವೇ ಮಕ್ಕಳೇ? ಅದಕ್ಕೆ ಇರುವುದು ಮೂರೇ ಗುಂಡಿ. ಆದರೆ ಸುಮ್ಮನೆ ಊದಿದರೆ ನಾದ ಬಾರದು. ತುಟಿಗಳನ್ನು ಬಿಗಿಹಿಡಿದು ಕಂಪಿಸಬೇಕು. ಆ ಹದ ತೋರಿಸಲು ಗುರು ಬೇಕು.

1920ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಹುಟ್ಟಿದ ಕ್ಲಾರ್ಕ್ ಟೆರಿಗೆ ಗುರುವಿರಲಿ, ವಾದ್ಯವೇ ಇರಲಿಲ್ಲ. ಮನೆಯಲ್ಲಿ ಕಡುಬಡತನ. ಹುಡುಗ ಗುಜರಿಯಿಂದ ರಬ್ಬರ್ ಪೈಪು, ಸೀಮೆಎಣ್ಣೆ ಸುರಿಯುವ ಆಲಿಕೆ ಆರಿಸಿ ತಂದು ತಾನೇ ಒಂದು ಟ್ರಂಪೆಟ್ ಕಟ್ಟಿಕೊಂಡ. ನೆರೆಹೊರೆಯವರು ಅದನ್ನು ಕಂಡು, ಕಾಸು ಕೂಡಿಸಿ, 12.50 ಡಾಲರ್ ಕೊಟ್ಟು ನಿಜವಾದ ಟ್ರಂಪೆಟ್ ಕೊಡಿಸಿದರು.

ಮಂದ್ರ ಸ್ವರ ಚೆನ್ನಾಗಿ ಬರಲು ಏನು ಮಾಡಬೇಕೆಂದು ಟೆರಿ ಒಬ್ಬ ಹಿರಿಯ ವಾದಕರನ್ನು ಕೇಳಿದ. ಹಲ್ಲು ಕಚ್ಚಿಕೊಂಡು ಎಡಗಿವಿ ಅಲ್ಲಾಡಿಸು ಎಂದರು ಅವರು! ಅದು ದಾರಿ ತಪ್ಪಿಸುವ ಮಾತೆಂದು ತಿಳಿದಾಗ ಹುಡುಗನ ಮನಸ್ಸು ನೊಂದಿತು. ಆದರೆ ಅವನು ಹಗೆ ಕಟ್ಟಿಕೊಳ್ಳಲಿಲ್ಲ. ಮುಂದೆ ತಾನು ಕಲಿತದ್ದನ್ನು ಕೇಳಿ ಬಂದ ಮಕ್ಕಳಿಗೆಲ್ಲ ಹೇಳಿಕೊಡುವೆನೆಂದು ನಿಶ್ಚಯಿಸಿದ.

ಟೆರಿ ಬೆಳೆದು, ಹೆಸರಾಂತ ಕೌಂಟ್ ಬೇಸಿ ಅವರ ವಾದ್ಯತಂಡ ಸೇರಿದರು. ತಂಡ ಸಿಯಾಟಲ್ ನಗರಕ್ಕೆ ಬಂದಾಗ ಕ್ವಿನ್ಸಿ ಜೋನ್ಸ್ ಎಂಬ ಹುಡುಗ ಪಾಠ ಬೇಡಿದ. ಟೆರಿಗೆ ತಡರಾತ್ರಿಯವರೆಗೆ ಕಚೇರಿ. ಹುಡುಗನಿಗೆ ಬೆಳಗ್ಗೆ ಶಾಲೆ. ಹಾಗಾದರೆ ಪಾಠ ಯಾವಾಗ? ನಸುಕಿನಲ್ಲಿ! ನಿದ್ದೆ ಬಿಟ್ಟು ಟೆರಿ ಕಲಿಸಿದರು. ಆ ಹುಡುಗ ದೊಡ್ಡ ಸಂಗೀತ ಸಂಯೋಜಕನಾದ. ಮೈಕೆಲ್ ಜಾಕ್ಸನ್ ಅವರ ‘ಥ್ರಿಲ್ಲರ್’ ಆಲ್ಬಂ ರೂಪಿಸಿದವರು ಇದೇ ಕ್ವಿನ್ಸಿ. ಅವರು ಸ್ವಂತ ತಂಡ ಕಟ್ಟಿದಾಗ, ಡ್ಯೂಕ್ ಎಲಿಂಗ್ಟನ್ ಅವರ ತಂಡದಲ್ಲಿದ್ದ ಟೆರಿ ಅದನ್ನು ಬಿಟ್ಟು ಬಂದು ಶಿಷ್ಯನ ತಂಡದಲ್ಲಿ ಟ್ರಂಪೆಟ್ ನುಡಿಸಿದರು.

ಮುಪ್ಪಿನಲ್ಲಿ ಸಕ್ಕರೆ ಕಾಯಿಲೆ ಟೆರಿಯವರ ಕಾಲುಗಳನ್ನೂ ಕಣ್ಣಿನ ದೃಷ್ಟಿಯನ್ನೂ ಕಸಿಯಿತು. ಪಾಠ ಮಾತ್ರ ನಿಲ್ಲಲಿಲ್ಲ. ದೃಷ್ಟಿ ಕಳೆದುಕೊಂಡಿದ್ದ ಜಸ್ಟಿನ್ ಕಾಫ್ಲಿನ್ ಎಂಬ ಪಿಯಾನೊ ವಾದಕ ಅವರ ಹಾಸಿಗೆಯ ಪಕ್ಕ ಕುಳಿತು ಕಲಿತ. ಬಾಯಲ್ಲೇ ಲಯ ಹೇಳುತ್ತ ಗುರುಗಳು ಕಲಿಸಿದರು. ಒಮ್ಮೆ ಗುರುವನ್ನು ನೋಡಲು ಬಂದ ಕ್ವಿನ್ಸಿ, ಜಸ್ಟಿನ್ ನುಡಿಸುವುದನ್ನು ಕೇಳಿ ಮೆಚ್ಚಿ, ತಮ್ಮ ಸಂಗೀತ ಪ್ರವಾಸಕ್ಕೆ ಕರೆದೊಯ್ದರು. ಈ ಗುರುಶಿಷ್ಯರ ಕಥೆ 2014ರಲ್ಲಿ ಸಾಕ್ಷ್ಯಚಿತ್ರವಾಗಿ ತೆರೆಗೆ ಬಂತು. ಮರುವರ್ಷ ಟೆರಿ ತೀರಿಕೊಂಡರು.

ಅಜ್ಜ ಅಜ್ಜಿಯರೇ, ನಿಮಗೆ ಗೊತ್ತಿರುವ ಒಂದು ಹಾಡು, ಒಂದು ಕೈಕೆಲಸ ಮೊಮ್ಮಕ್ಕಳಿಗೆ ಹೇಳಿಕೊಟ್ಟಿರಾ? ಮಕ್ಕಳೇ, ನೀವು ಕೇಳಿದಿರಾ?