ಖಳನಾಯಕನಿಲ್ಲದ ಸಂಘರ್ಷ

ಸಣ್ಣಕತೆಗೆ ಸಂಘರ್ಷ ಬೇಕು ಅಂದ ಕೂಡಲೇ ಹೊಸ ಬರಹಗಾರರು ಒಬ್ಬ ಖಳನಾಯಕನನ್ನು ಹುಡುಕ್ತಾರೆ, ಒಂದು ಜಗಳ ಹುಟ್ಟಿಸ್ತಾರೆ. ಎರಡೂ ಇಲ್ಲದೆ ಕತೆ ಆಗುತ್ತೆ.

1886ರಲ್ಲಿ ಪ್ರಕಟವಾದ ಆಂತೋನ್ ಚೆಕಾವ್‌ನ ಒಂದು ಕತೆ ನೋಡಿ. ಪೀಟರ್ಸ್‌ಬರ್ಗ್‌ನ ಸಂಜೆ, ಹಿಮ ಬೀಳ್ತಿದೆ. ಯೋನಾ ಒಬ್ಬ ಮುದಿ ಗಾಡಿಯವನು. ಅದೇ ವಾರ ಮಗ ತೀರಿಕೊಂಡಿದ್ದಾನೆ. ಅವನಿಗೆ ಬೇಕಿರೋದು ಇಷ್ಟೇ: ಮಗ ಹೇಗೆ ಕಾಯಿಲೆ ಬಿದ್ದ, ಹೇಗೆ ಹೋದ ಅನ್ನೋದನ್ನ ಯಾರಾದ್ರೂ ಸಮಾಧಾನವಾಗಿ ಕೇಳಬೇಕು.

ಗಾಡಿ ಹತ್ತಿದ ಸೇನಾಧಿಕಾರಿ ಒಂದು ಪ್ರಶ್ನೆ ಕೇಳಿ ಕಣ್ಣು ಮುಚ್ಚಿಕೊಳ್ತಾನೆ. ಮೂವರು ಯುವಕರು ಬೈದು, ಅವಸರ ಮಾಡಿ, ಕುತ್ತಿಗೆಗೆ ಹೊಡೀತಾರೆ. ತಂಗುವ ಜಾಗದಲ್ಲಿ ನೀರಿಗಂತ ಎದ್ದ ಹುಡುಗ ಗಾಡಿಯವನೂ ಮುಸುಕೆಳೆದು ಮಲಗಿಬಿಡ್ತಾನೆ. ಕೊನೆಗೆ ಯೋನಾ ಲಾಯಕ್ಕೆ ಹೋಗಿ ತನ್ನ ಕುದುರೆಗೇ ಎಲ್ಲ ಹೇಳಿಕೊಳ್ತಾನೆ.

ಇಲ್ಲಿ ಶತ್ರು ಯಾರು? ಯಾರೂ ಅಲ್ಲ. ಆ ಯುವಕರು ಒರಟರು, ನಿಜ, ಆದ್ರೆ ಕತೆಯನ್ನು ಎಳೆಯೋದು ಅವರ ಏಟಲ್ಲ. ಏಟು ಬಿದ್ದಾಗಲೂ ಯೋನಾಗೆ ಅವರು ಇಳಿದು ಹೋಗೋದು ಬೇಡ! ಜೊತೆ ಬೇಕು ಅವನಿಗೆ. ಒಂದು ಸಣ್ಣ ಆಸೆ, ಎದುರಿಗೆ ಇಡೀ ಊರಿನ ಕಿವುಡು. ಒಬ್ಬೊಬ್ಬರು ಮುಖ ತಿರುಗಿಸಿದಾಗಲೂ ನಮ್ಮ ಸಂಕಟ ಹೆಚ್ಚುತ್ತೆ.

ಇನ್ನೊಂದು ಮಾತು. ಈ ಸಂಘರ್ಷ ಪೂರ್ತಿ ಬಗೆಹರಿಯಲ್ಲ. ಸಾವು ಸಾವೇ, ಮನುಷ್ಯರು ಕೇಳಲೇ ಇಲ್ಲ. ಆದರೂ ಕತೆ ಮುಗಿದಿದೆ ಅನ್ನಿಸುತ್ತೆ, ಯಾಕಂದ್ರೆ ಯೋನಾ ಕೊನೆಗೂ ಮಾತಾಡಿದ.

ಮುಂದಿನ ಕತೆ ಬರೆಯೋ ಮುಂಚೆ ನಿಮ್ಮ ಪಾತ್ರಕ್ಕೆ ಏನು ಬೇಕು, ಅಡ್ಡ ಬರ್ತಿರೋದು ಏನು, ಒಂದೇ ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ.