ನೆಲ ಮುಟ್ಟುವ ಮುನ್ನ

ಮೈಸೂರಿನಿಂದ ನಂಜನಗೂಡಿಗೆ ಹೋಗುವ ಹೆದ್ದಾರಿಯ ಬಳಿ ಮಂಡಕಳ್ಳಿ ಎಂಬ ಊರಿದೆ. ಮೈಸೂರು ಸಂಸ್ಥಾನದ ಕಾಲದಲ್ಲಿ, 1940ರ ದಶಕದಲ್ಲಿ, ಅಲ್ಲಿ ವಿಮಾನ ನಿಲ್ದಾಣವೊಂದು ನಿರ್ಮಾಣವಾಯಿತು. ಅದು ನವೀಕರಣಗೊಂಡು 2010ರ ಮೇ ತಿಂಗಳಲ್ಲಿ ಮತ್ತೆ ಉದ್ಘಾಟನೆಗೊಂಡಿತು. ಅಲ್ಲಿನ ರನ್‌ವೇ, ಎಂದರೆ ವಿಮಾನಗಳು ಓಡುವ ಹಾದಿ, 1,740 ಮೀಟರ್ ಉದ್ದವಾಗಿದೆ. ದೊಡ್ಡ ಜೆಟ್ ವಿಮಾನಗಳಿಗೆ ಇದು ಗಿಡ್ಡ. ನಾಲ್ವರು ಕುಳಿತುಕೊಳ್ಳಬಹುದಾದ ಸೆಸ್ನಾ 172ರಂತಹ ಸಣ್ಣ ವಿಮಾನಕ್ಕೆ ಧಾರಾಳ. ಆದುದರಿಂದ ಹಾದಿಯ ಉದ್ದವನ್ನಷ್ಟೇ ಅಳೆದರೆ ಸಾಲದು. ಅಲ್ಲಿಗೆ ಇಳಿಯುವ ವಿಮಾನದ ಭಾರವನ್ನೂ ವೇಗವನ್ನೂ ಅದರೊಡನೆ ತೂಗಿ ನೋಡಬೇಕು.

ಸಣ್ಣ ಖಾಸಗಿ ವಿಮಾನಗಳಿಗೆ ಸದಾ ಇಂತಹ ಅನುಕೂಲ ದೊರೆಯುವುದಿಲ್ಲ. ಕೆಲವೆಡೆ ಹಾದಿ ಐದಾರುನೂರು ಮೀಟರಿನಷ್ಟೇ ಇರುತ್ತದೆ. ಅದರ ತುದಿಯಲ್ಲಿ ಮರಗಳ ಸಾಲೂ ಇರಬಹುದು. ಅಂತಹ ಕಡೆ ಸುರಕ್ಷಿತವಾಗಿ ಇಳಿಯುವ ಬಗೆ ಹೇಗೆ?

ಮೊದಲನೆಯದು ವೇಗದ ಹತೋಟಿ. ವೇಗ ತೀರ ತಗ್ಗಿದರೆ ರೆಕ್ಕೆಗಳು ವಿಮಾನವನ್ನು ಎತ್ತಿ ಹಿಡಿಯಲಾರವು. ಆ ಕನಿಷ್ಠ ವೇಗದ ಸುಮಾರು 1.3 ಪಟ್ಟು ವೇಗದಲ್ಲಿ ಇಳಿದು ಬರುವುದು ರೂಢಿ. ಸೆಸ್ನಾ 172 ಗಿಡ್ಡ ಹಾದಿಗೆ ಗಂಟೆಗೆ ಸುಮಾರು 113 ಕಿಲೋಮೀಟರ್ ವೇಗದಲ್ಲಿ ಬರುತ್ತದೆ. ಸಮುದ್ರಮಟ್ಟದಲ್ಲಿ, ಗಾಳಿ ಬೀಸದಿರುವಾಗ, 15 ಮೀಟರ್ ಎತ್ತರದ ಮರವನ್ನು ದಾಟಿ ಇಳಿದು ನಿಲ್ಲಲು ಅದಕ್ಕೆ ಸುಮಾರು 400 ಮೀಟರ್ ಬೇಕು. ವೇಗ ಹತ್ತನೆಯ ಒಂದು ಪಾಲು ಹೆಚ್ಚಿದರೆ ಏನಾದೀತು? ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ, ಬ್ರೇಕುಗಳು ಅರಗಿಸಬೇಕಾದ ಶಕ್ತಿ ಶೇಕಡ 21ರಷ್ಟು ಏರುತ್ತದೆ. ಅಲ್ಲದೆ, ಹೆಚ್ಚು ವೇಗದ ವಿಮಾನ ಒಡನೆಯೇ ನೆಲಕ್ಕೆ ಕೂರದೆ ಹಾದಿಯ ಮೇಲೆಯೇ ತೇಲುತ್ತ ಸಾಗುತ್ತದೆ.

ಎರಡನೆಯದು ಗಾಳಿ. ಎದುರು ಗಾಳಿಗೆ ಮುಖ ಮಾಡಿ ಇಳಿದರೆ ನೆಲದ ಮೇಲಿನ ವೇಗ ತಗ್ಗುತ್ತದೆ. ಹಿಂದಿನಿಂದ ಬೀಸುವ ಗಾಳಿ ಅದನ್ನು ಹೆಚ್ಚಿಸುತ್ತದೆ. ಊರಿನ ಎತ್ತರವೂ ಮುಖ್ಯ. ಮೈಸೂರು ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿದೆ. ಅಲ್ಲಿ ಗಾಳಿ ತೆಳು. ವೇಗಮಾಪಕ ಅದೇ ಅಂಕಿಯನ್ನು ತೋರಿಸಿದರೂ ವಿಮಾನದ ನಿಜವಾದ ವೇಗ ಹೆಚ್ಚಾಗಿರುತ್ತದೆ, ನಿಲ್ಲಲು ಬೇಕಾದ ದೂರವೂ ಹೆಚ್ಚುತ್ತದೆ.

ಮೂರನೆಯದು ಗುರಿ. ವೈಮಾನಿಕನು ಹಾದಿಯ ಆರಂಭದಲ್ಲೇ ಒಂದು ಗುರುತನ್ನು ಆರಿಸಿಕೊಳ್ಳುತ್ತಾನೆ. ಮುಂದಿನ ಗಾಜಿನಲ್ಲಿ ಅದು ಕದಲದೆ ನಿಂತಿದ್ದರೆ ವಿಮಾನ ಅತ್ತಲೇ ಸಾಗುತ್ತಿದೆ. ಗುರುತು ಕೆಳಕ್ಕೆ ಸರಿದರೆ ವಿಮಾನ ಅದನ್ನು ದಾಟಿಹೋಗುತ್ತದೆ. ಮೇಲಕ್ಕೆ ಸರಿದರೆ ಅಲ್ಲಿಗೆ ಮುಟ್ಟದೆ ಮೊದಲೇ ಇಳಿದುಬಿಡುತ್ತದೆ. ಚಕ್ರಗಳು ನೆಲ ಮುಟ್ಟಿದೊಡನೆ ಬ್ರೇಕನ್ನು ಬಿಗಿಯಾಗಿ ಹಾಕಬೇಕು.

ಇವೆಲ್ಲಕ್ಕಿಂತ ದೊಡ್ಡದು ಮತ್ತೊಂದಿದೆ. ವೇಗವಾಗಲಿ ಎತ್ತರವಾಗಲಿ ಲೆಕ್ಕ ತಪ್ಪಿತೆಂದು ತಿಳಿದ ಕೂಡಲೆ ಇಳಿಯುವ ಯತ್ನವನ್ನು ಕೈಬಿಟ್ಟು, ಎಂಜಿನ್ನಿಗೆ ಪೂರ್ಣ ಬಲಕೊಟ್ಟು ಮೇಲೇರಿ, ಒಂದು ಸುತ್ತು ಹಾಕಿ ಮರಳಿ ಬರಬೇಕು. ಇದು ಸೋಲಲ್ಲ. ಆದರೆ ನೆಲ ಕಣ್ಣೆದುರಿಗೇ ಇರುವಾಗ ಮನಸ್ಸು ಇದಕ್ಕೆ ಸುಲಭವಾಗಿ ಒಪ್ಪುವುದಿಲ್ಲ.

ಮಂಡಕಳ್ಳಿಯ ನಿಲ್ದಾಣ ಮತ್ತೆ ತೆರೆದ ಆ ಮೇ ತಿಂಗಳಲ್ಲೇ, 22ನೆಯ ತಾರೀಖು, ದುಬೈಯಿಂದ ಬಂದ ಬೋಯಿಂಗ್ 737 ವಿಮಾನ ಮಂಗಳೂರಿನಲ್ಲಿ ಇಳಿಯಿತು. ಗುಡ್ಡದ ತಲೆಯನ್ನು ಸಮತಟ್ಟುಗೊಳಿಸಿ ಮಾಡಿದ ಅಲ್ಲಿನ ಹಾದಿ ಸುಮಾರು 2,450 ಮೀಟರ್ ಉದ್ದದ್ದು. ವಿಮಾನ ಬೇಕಾದುದಕ್ಕಿಂತ ಹೆಚ್ಚು ಎತ್ತರದಲ್ಲಿ ಬಂದು, ಸುಮಾರು 1,600 ಮೀಟರ್ ಹಾದಿ ಕಳೆದ ಮೇಲೆ ನೆಲ ಮುಟ್ಟಿತು. ಮರಳಿ ಮೇಲೇರೋಣವೆಂದು ಸಹವೈಮಾನಿಕನು ಮೂರು ಬಾರಿ ಎಚ್ಚರಿಸಿದ್ದನು. ಆ ಮಾತು ನಡೆಯಲಿಲ್ಲವೆಂದು ವಿಚಾರಣೆಯಿಂದ ತಿಳಿದುಬಂದಿತು. ವಿಮಾನ ಹಾದಿಯ ಕೊನೆಯನ್ನು ಮೀರಿ ಕಣಿವೆಗೆ ಉರುಳಿತು. 158 ಮಂದಿ ಅಸುನೀಗಿದರು. ಉಳಿದವರು ಎಂಟೇ ಮಂದಿ.

ವಿಮಾನ ದೊಡ್ಡದಿರಲಿ, ಚಿಕ್ಕದಿರಲಿ, ನಿಯಮ ಒಂದೇ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬುದು ನಮ್ಮ ಹಿರಿಯರ ಮಾತು. ತಪ್ಪಿದ ಲೆಕ್ಕವನ್ನು ಆಗಸದಲ್ಲಿರುವಾಗಲೇ ಒಪ್ಪಿಕೊಂಡವನಿಗೆ ಇನ್ನೊಂದು ಅವಕಾಶವುಂಟು. ಗಿಡ್ಡ ಹಾದಿಯಲ್ಲಿ ಇಳಿಯಲು ಕಲಿಯುವವರು ಮೊದಲು ಕಲಿಯಬೇಕಾದ ಪಾಠ, ಇಳಿಯದೆ ಮರಳಿ ಮೇಲೇರುವುದು.