ಕಾಲಿಗೆ ಕೊಟ್ಟ ಮಾತ್ರೆ, ಕೈಗೆ ಬಂದ ಚಪಲ

ಮೂವತ್ತಮೂರು ವರ್ಷ ಸರ್ಕಾರದ ಹಣಕಾಸು ಕಡತಗಳನ್ನು ನೋಡಿದವನು ನಾನು. ನೂರು ರೂಪಾಯಿಯ ಖರ್ಚಿಗೂ ಸಮರ್ಥನೆ ಕೇಳಿ ಬೈಸಿಕೊಂಡವನು. ಅಂತಹವನು ನಿವೃತ್ತಿಯ ನಾಲ್ಕನೆಯ ವರ್ಷದಲ್ಲಿ, ಹೆಂಡತಿಗೆ ತಿಳಿಯದಂತೆ, ಬೆಳಿಗ್ಗೆ ಷೇರು ಕೊಂಡು ಮಧ್ಯಾಹ್ನ ಮಾರುವ ಚಟಕ್ಕೆ ಬಿದ್ದು ಗ್ರಾಚ್ಯುಟಿ ಹಣದಲ್ಲಿ ಮೂರನೆಯ ಒಂದು ಪಾಲನ್ನು ಕಳೆದುಕೊಂಡೆನೆಂದರೆ ಹಳೆಯ ಸಹೋದ್ಯೋಗಿಗಳು ನಂಬಲಾರರು. ಅದಕ್ಕೂ ನನ್ನ ಕಾಲಿಗೂ ಸಂಬಂಧವಿತ್ತೆಂಬುದನ್ನು ಮೊದಲಿಗೆ ನಾನೇ ನಂಬಲಿಲ್ಲ.

ಕಾಯಿಲೆಯ ಹೆಸರು ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್. ನಮ್ಮ ಮನೆಯಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. ರಾತ್ರಿ ಊಟವಾದ ಮೇಲೆ ತಾಯಿ ‘ಕಾಲೊಳಗೆ ಏನೋ ಹರಿದ ಹಾಗಾಗುತ್ತೆ, ಸ್ವಲ್ಪ ತುಳಿಯೋ’ ಎನ್ನುತ್ತಿದ್ದರು. ಮಕ್ಕಳು ಸರದಿಯಂತೆ ತುಳಿಯುತ್ತಿದ್ದೆವು. ಇದು ವಂಶದಲ್ಲಿ ಹರಿದುಬರುವುದುಂಟು. ಕುಳಿತಾಗ, ಮಲಗಿದಾಗ ಕಾಲನ್ನು ಅಲುಗಿಸಲೇಬೇಕೆಂಬ ತಡೆಯಲಾಗದ ಒತ್ತಡ, ಎದ್ದು ನಡೆದರೆ ಶಮನ, ಸಂಜೆಯಾದಂತೆ ಉಲ್ಬಣ. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1672ರಲ್ಲಿಯೇ ಇದನ್ನು ವರ್ಣಿಸಿದ್ದ. ಸ್ವೀಡನ್ನಿನ ಎಕ್‌ಬೊಮ್ 1940ರ ದಶಕದಲ್ಲಿ ವಿವರವಾಗಿ ಅಧ್ಯಯನ ಮಾಡಿ ಈಗಿನ ಹೆಸರನ್ನು ಕೊಟ್ಟ.

ವೈದ್ಯರು ನನಗೆ ಬರೆದುಕೊಟ್ಟದ್ದು ಪ್ರಮಿಪೆಕ್ಸೋಲ್. ಮಿದುಳಿನ ಡೋಪಮಿನ್ ಎಂಬ ರಾಸಾಯನಿಕದ ಕೆಲಸವನ್ನು ಅನುಕರಿಸುವ ಈ ಮಾತ್ರೆ ಮೂಲತಃ ಪಾರ್ಕಿನ್ಸನ್ ಕಾಯಿಲೆಯದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲಿ ಇದೇ ಜಾತಿಯ ರೋಪಿನಿರೋಲ್‌ಗೂ 2006ರಲ್ಲಿ ಇದಕ್ಕೂ ಕಾಲಿನ ಕಾಯಿಲೆಗೆ ಬಳಸಲು ಒಪ್ಪಿಗೆ ನೀಡಿತು. ಮೊದಲ ರಾತ್ರಿಯೇ ಮಗುವಿನಂತೆ ಮಲಗಿದೆ. ಆ ಕೃತಜ್ಞತೆಯನ್ನು ಇಂದಿಗೂ ಅಲ್ಲಗಳೆಯಲಾರೆ.

ಎರಡು ವರ್ಷ ಕಳೆಯುವಷ್ಟರಲ್ಲಿ ರಾತ್ರಿ ಒಂಬತ್ತಕ್ಕೆ ಬರುತ್ತಿದ್ದ ತುಡಿತ ಸಂಜೆ ನಾಲ್ಕಕ್ಕೇ ಬರತೊಡಗಿತು. ಕೈಗಳಿಗೂ ಹರಡಿತು. ಕಾಯಿಲೆ ಬಲಿಯುತ್ತಿದೆಯೆಂದು ಮಾತ್ರೆಯ ಪ್ರಮಾಣ ಏರಿತು. ಕೆಲವು ವಾರ ಸುಖ, ಮತ್ತೆ ಅದೇ ಪಾಡು. ವೈದ್ಯಶಾಸ್ತ್ರದಲ್ಲಿ ಇದನ್ನು ಆಗ್‌ಮೆಂಟೇಶನ್ ಎನ್ನುತ್ತಾರೆ: ರೋಗವನ್ನು ತಣಿಸಿದ ಔಷಧವೇ ಕಾಲಕ್ರಮದಲ್ಲಿ ರೋಗವನ್ನು ಬೆಳೆಸುವುದು. ಬಡ್ಡಿ ಕಟ್ಟಲು ಹೊಸ ಸಾಲ ಎತ್ತುವ ರಾಜ್ಯಗಳ ಬಗ್ಗೆ ಟಿಪ್ಪಣಿ ಬರೆದಿದ್ದ ನನಗೆ ಈ ಲೆಕ್ಕ ತಕ್ಷಣ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಪ್ರಮಾಣ ಏರಿದ ಆ ತಿಂಗಳುಗಳಲ್ಲಿಯೇ ಷೇರಿನ ಹುಚ್ಚು ಹಿಡಿದದ್ದು. ಅದು ದುರಾಸೆಯಂತೆ ಕಾಣುತ್ತಿರಲಿಲ್ಲ, ಉತ್ಸಾಹದಂತೆ ಕಾಣುತ್ತಿತ್ತು, ಅಪಾಯವಿದ್ದದ್ದು ಅಲ್ಲಿಯೇ. ನಷ್ಟವಾದ ದಿನವೂ ಮರುದಿನದ ಒಂಬತ್ತೂಕಾಲು ಗಂಟೆಗೆ ಕಾಯುತ್ತಿದ್ದೆ. ಬ್ಯಾಂಕಿನ ಪಾಸ್‌ಬುಕ್ ನೋಡಿದ ಹೆಂಡತಿ ಜಗಳವಾಡಲಿಲ್ಲ. ‘ರೀ, ಇದು ನೀವಲ್ಲ’ ಎಂದಳು, ಅಷ್ಟೆ.

ಅವಳ ಒತ್ತಾಯಕ್ಕೆ ಕಂಡ ಎರಡನೆಯ ನರರೋಗ ತಜ್ಞರು ಕಾಲಿನ ವಿಚಾರ ಮುಗಿಸಿ, ‘ಖರ್ಚು, ಜೂಜು, ತಿನ್ನುವ ಚಪಲ ಏನಾದರೂ ಹೆಚ್ಚಿದೆಯೇ ಸಾರ್?’ ಎಂದು ಕೇಳಿದರು. ಮೊದಲಿನವರು ಅದನ್ನು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ. ಜೂಜಿಗೂ ಕಾಲಿಗೂ ಸಂಬಂಧವಿದೆಯೆಂದು ಯಾವ ರೋಗಿ ತಾನೇ ಊಹಿಸಿಯಾನು? ಅಮೆರಿಕದ ಮೇಯೋ ಕ್ಲಿನಿಕ್‌ನ ವೈದ್ಯರು 2005ರಲ್ಲಿ ಜೂಜಿನ ಗೀಳು ಹತ್ತಿದ 11 ಪಾರ್ಕಿನ್ಸನ್ ರೋಗಿಗಳ ಬಗ್ಗೆ ವರದಿ ಮಾಡಿದ್ದರು. ಅವರಲ್ಲಿ 9 ಮಂದಿ ಇದೇ ಮಾತ್ರೆ ಸೇವಿಸುತ್ತಿದ್ದರು. ಬಹುಮಾನದ ಸುಖವನ್ನು ನಿಯಂತ್ರಿಸುವ ಮಿದುಳಿನ ಭಾಗಕ್ಕೂ ಡೋಪಮಿನ್ನೇ ಆಧಾರ. ಕಡಿಮೆ ಪ್ರಮಾಣ ಸೇವಿಸುವ ಕಾಲಿನ ರೋಗಿಗಳಲ್ಲಿಯೂ ಇದು ನಂತರ ಕಂಡುಬಂತು. ನಮ್ಮಲ್ಲಿ ಅಂಗಡಿಯವರು ಹತ್ತು ಮಾತ್ರೆಯ ಪಟ್ಟಿಯನ್ನು ಕತ್ತರಿಸಿ ಕೈಗಿಡುತ್ತಾರೆ. ಎಚ್ಚರಿಕೆಯ ಚೀಟಿ ಡಬ್ಬಿಯಲ್ಲಿಯೇ ಉಳಿಯುತ್ತದೆ.

ಮಾತ್ರೆಯನ್ನು ಒಮ್ಮೆಲೇ ಬಿಡುವಂತಿಲ್ಲ. ತೀವ್ರ ಆತಂಕ, ಖಿನ್ನತೆ ಕಾಣಿಸಿಕೊಳ್ಳಬಹುದು. ವೈದ್ಯರು ವಾರಗಟ್ಟಲೆ ಹಂತಹಂತವಾಗಿ ಇಳಿಸಿದರು. ಆ ರಾತ್ರಿಗಳನ್ನು ಹಜಾರದಲ್ಲಿ ನಡೆಯುತ್ತಲೇ ಕಳೆದೆ. ನೆಗಡಿಗೆಂದು ನಾನೇ ಕೊಂಡು ತಂದ ಮಾತ್ರೆ ನುಂಗಿದ ದಿನವಂತೂ ನರಕ. ಅದರಲ್ಲಿದ್ದ ಕ್ಲೋರ್‌ಫೆನಿರಮಿನ್‌ನಂತಹ ಅಲರ್ಜಿ ಔಷಧಗಳು, ವಾಂತಿ ನಿಲ್ಲಿಸುವ ಮೆಟೊಕ್ಲೊಪ್ರಮೈಡ್, ಹಲವು ಖಿನ್ನತೆಯ ಔಷಧಗಳು ಈ ಕಾಯಿಲೆಯನ್ನು ಕೆರಳಿಸುತ್ತವೆಂದು ಆಮೇಲೆ ತಿಳಿಯಿತು. ನಿದ್ದೆ ಬರಿಸುವ ಮಾತ್ರೆಯೇ ನಿದ್ದೆಗೆಡಿಸಿತ್ತು.

ರಕ್ತ ಪರೀಕ್ಷೆಯಲ್ಲಿ ಫೆರಿಟಿನ್, ಅಂದರೆ ದೇಹದ ಕಬ್ಬಿಣದ ದಾಸ್ತಾನು, 28 ಇತ್ತು. ಪ್ರಯೋಗಾಲಯದ ಚೀಟಿ ಅದನ್ನು ‘ಸಹಜ’ ಎಂದಿತ್ತು. ಡೋಪಮಿನ್ ತಯಾರಾಗಲು ಮಿದುಳಿಗೆ ಕಬ್ಬಿಣ ಬೇಕು. ಈ ಕಾಯಿಲೆಯವರಲ್ಲಿ 75ಕ್ಕಿಂತ ಕೆಳಗಿದ್ದರೂ ಕಬ್ಬಿಣ ಕೊಡುವುದು ಲೇಸೆಂಬುದು ಈಗಿನ ತಜ್ಞರ ಮತ. ರಕ್ತಹೀನತೆ ಮನೆಮನೆಯ ಮಾತಾಗಿರುವ ನಮ್ಮ ದೇಶದಲ್ಲಿ ಈ ಪರೀಕ್ಷೆ ಮೊದಲ ದಿನವೇ ಆಗಬೇಕಿತ್ತು. ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ 2025ರ ಮಾರ್ಗಸೂಚಿಯಲ್ಲಿ ಪ್ರಮಿಪೆಕ್ಸೋಲ್, ರೋಪಿನಿರೋಲ್‌ಗಳನ್ನು ವಾಡಿಕೆಯಾಗಿ ಬಳಸುವುದು ಬೇಡವೆಂದು ಸೂಚಿಸಿ, ಗ್ಯಾಬಾಪೆಂಟಿನ್, ಪ್ರಿಗ್ಯಾಬಲಿನ್ ಹಾಗೂ ಅಗತ್ಯವಿದ್ದವರಿಗೆ ಕಬ್ಬಿಣವನ್ನು ಮುಂದಿಟ್ಟಿದೆ. ಇವುಗಳಿಗೂ ತಲೆಸುತ್ತು, ಮಂಪರು ತಪ್ಪಿದ್ದಲ್ಲ. ಬೆಳಿಗ್ಗೆ ಮೆಟ್ಟಿಲಿಳಿಯುವಾಗ ನಾನು ಕಂಬಿ ಹಿಡಿಯುತ್ತೇನೆ.

ಮಾತ್ರೆ ನಿಂತ ಸುಮಾರು ಒಂದು ತಿಂಗಳಿಗೆ ಷೇರಿನ ಸೆಳೆತ ತಾನಾಗಿ ಬತ್ತಿಹೋಯಿತು. ಹೋದ ಹಣ ಬರಲಿಲ್ಲ. ಅದರಲ್ಲಿ ಮಾತ್ರೆಯ ಪಾಲೆಷ್ಟು, ನನ್ನ ಪಾಲೆಷ್ಟು ಎಂದು ಅರ್ಥಶಾಸ್ತ್ರದ ಯಾವ ಸೂತ್ರದಿಂದಲೂ ಬೇರ್ಪಡಿಸಲು ಆಗಿಲ್ಲ. ಷೇರು ಖಾತೆಯ ಪಾಸ್‌ವರ್ಡ್ ಹೆಂಡತಿಯ ಬಳಿ ಇದೆ. ನಾನು ಕೇಳಿಲ್ಲ, ಅವಳೂ ಹೇಳಿಲ್ಲ.